ಏಳೂವರೆ ಅಡಿಯ ಕೋಲು

ಅಡಿಕೋಲು ತನ್ನ ತಪ್ಪನ್ನು ಎಂದೂ ಒಪ್ಪಿಕೊಳ್ಳದ ಮನುಷ್ಯ. ಇದರಲ್ಲಿ ಎರಡು ಮಾತಿಲ್ಲ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವರು ಎಲ್ಲ ಕಡೆ ಇರುತ್ತಾರೆ; ನಾಲ್ಕನೆಯ ಕಾಲನ್ನು ತೋರಿಸಿದರೆ ಅವರಲ್ಲಿ ಕೆಲವರಾದರೂ ನಾಚಿಕೊಳ್ಳುತ್ತಾರೆ. ಇವನು ತೋರಿಸಿದವರಿಗೇ ಕಣ್ಣಿನ ಡಾಕ್ಟರ ವಿಳಾಸ ಕೊಡುವವನು.

ಸರೋವರದ ದಂಡೆಯ ಬೀದಿಯಲ್ಲಿ ಗಾಳದ ಕೋಲು ಮಾಡಿ ಮಾರುವ ಅಂಗಡಿ ಅವನದು. ನಿಜವಾದ ಹೆಸರು ಬೋರ್ಡಿನ ಮೇಲಿದೆ, ಯಾರೂ ಓದುವುದಿಲ್ಲ. ಬೆನ್ನು ನೆಟ್ಟಗೆ, ಮಾತು ಗಿಡ್ಡ, ಅದಕ್ಕೇ ಅಡಿಕೋಲು. ಅವನ ಅಂಗಡಿಯಲ್ಲಿ ಗಿರಾಕಿ ತನಗೆ ಇಷ್ಟವಾದ ಕೋಲು ಕೇಳುವಂತಿಲ್ಲ. ಒಳಗೋಡೆಗೆ ಬೆನ್ನು ಹಚ್ಚಿ ನಿಲ್ಲಬೇಕು. ಅವನು ತಲೆಯ ಮಟ್ಟಕ್ಕೊಂದು, ಹೆಗಲ ಮಟ್ಟಕ್ಕೊಂದು ಗೆರೆ ಎಳೆದು, ಚಾಚಿದ ತೋಳಿಗೆ ಟೇಪು ಹಿಡಿದು, ಏಳಡಿ ಎಂದೋ ಆರೂವರೆ ಎಂದೋ ತೀರ್ಪು ಕೊಡುತ್ತಾನೆ. ಗೆರೆಗಳೆಲ್ಲ ಇಂಕಿನವು. "ಪೆನ್ಸಿಲ್ಲು ಅಳಿಸೋರಿಗೆ," ಎನ್ನುತ್ತಾನೆ.

ಆ ಗೋಡೆಯ ಪಕ್ಕದ ಮೇಜಿನಲ್ಲಿ ಅವನ ತಂಗಿ ಇಪ್ಪತ್ತು ವರ್ಷದಿಂದ ಕೋಲುಗಳಿಗೆ ಉಂಗುರ ಕಟ್ಟುತ್ತಿದ್ದಳು. ಗಾಳದ ದಾರ ಹಾದುಹೋಗುವ ಪುಟ್ಟ ಉಂಗುರಗಳವು. ಒಂದೊಂದನ್ನೂ ನೂಲಿನಿಂದ ಸುತ್ತಿ, ಮೇಲೆ ವಾರ್ನಿಶ್ ಎಳೆಯಬೇಕು. ಕಣ್ಣು ಉರಿಯುವ ಕೆಲಸ. ರಜೆಯ ದಿನ ಮಾತ್ರ ಆಕೆ ಬಾಡಿಗೆ ದೋಣಿಯಲ್ಲಿ ಬಾಸ್ ಮೀನು ಹಿಡಿಯಲು ಹೋಗುತ್ತಿದ್ದಳು. ಬಾಸ್ ಅಗಲ ಬಾಯಿಯ, ನೆರಳು ಬಿಟ್ಟು ಬಾರದ, ಸದ್ದಾದರೆ ಓಡುವ ಮೀನು. ಅದು ಎಲ್ಲಿ ಅಡಗುತ್ತದೆ ಎಂಬುದು ಅವಳಿಗೆ ಅಂಗೈ ಮೇಲಿನ ನೆಲ್ಲಿಯಷ್ಟು ಸ್ಪಷ್ಟ.

ಆ ವರ್ಷ ಸರೋವರದ ಕಚೇರಿಯವರು ಮೀನು ಹಿಡಿಯಲು ಬರುವವರಿಗೆ ಜಾಗ ತೋರಿಸಿ ಕಲಿಸುವ ಒಂದು ಹುದ್ದೆ ತೆರೆದರು. ನಲವತ್ತೈದು ದಾಟಿದವರಿಗೆ ಅವಕಾಶವಿಲ್ಲ. ತಂಗಿಗೆ ಉಳಿದಿದ್ದುದು ಮೂರು ವಾರ. ಪರೀಕ್ಷೆ ಒಂದೇ: ಉತ್ತರದ ಮೂಲೆಯಲ್ಲಿ, ದೋಣಿಯಲ್ಲಿ ಕೂತುಕೊಂಡೇ, ಹತ್ತರಿಂದ ಹನ್ನೆರಡರೊಳಗೆ ಎರಡು ಬಾಸ್ ಹಿಡಿಯಬೇಕು. ಎದ್ದು ನಿಂತರೆ ಅನರ್ಹರು. ತಪ್ಪಿದರೆ ಮತ್ತೆ ಅದೇ ಮೇಜು, ಕಣ್ಣು ಹೋಗುವ ತನಕ.

"ಏಳೂವರೆ," ಎಂದ ಅಣ್ಣ, ಅವಳನ್ನು ಗೋಡೆಗೆ ನಿಲ್ಲಿಸಿ.

"ಅಣ್ಣಾ, ನಾನು ಕೂತು ಹಿಡೀಬೇಕು. ಅಲ್ಲಿ ಕೊಂಬೆಗಳೆಲ್ಲ ನೀರಿಗೆ ಬಾಗಿವೆ. ಆರಡಿ ಸಾಕು."

"ಕೂತ್ರೆ ನಿನ್ನ ಕೈ ಗಿಡ್ಡ ಆಗುತ್ತಾ? ಕೋಲು ಉದ್ದ ಇದ್ರೆ ದೂರ ಬೀಳುತ್ತೆ."

"ದೂರ ಯಾರಿಗೆ ಬೇಕು? ಮೀನಿರೋದು ಕೊಂಬೆ ಕೆಳಗೆ."

"ಆ ಮೂಲೆ ನಾನು ನೋಡಿಲ್ವಾ? ಅಲ್ಲಿರೋ ಗಿಡ ನನ್ನ ಮೊಣಕಾಲಿಗೂ ಬರಲ್ಲ."

ಅವನು ನೋಡಿದ್ದು ಹದಿಮೂರು ವರ್ಷದ ಹಿಂದೆ. ಅಂಗಡಿ ದೊಡ್ಡದಾದ ಮೇಲೆ ಅವನು ದೋಣಿ ಹತ್ತಿರಲಿಲ್ಲ, ದೋಣಿಕಟ್ಟೆಗೂ ಇಳಿದಿರಲಿಲ್ಲ. ಗಿಡಗಳು ಮಾತ್ರ ಅವನ ಅಪ್ಪಣೆಗೆ ಕಾಯದೆ ಬೆಳೆದಿದ್ದವು.

"ಹಾಗಾದ್ರೆ ಎರಡೂ ಒಯ್ತೀನಿ."

"ಎರಡು ಕೋಲು ಹೊರೋದು ಒಂದರ ಮೇಲೂ ನಂಬಿಕೆ ಇಲ್ಲದೋರು."

ಹದಿನೈದು ದಿನ ಕೂತು ಅವನೇ ಕೋಲು ಮಾಡಿದ. ಉಂಗುರಗಳನ್ನೂ ಅವಳ ಕೈಗೆ ಕೊಡದೆ ತಾನೇ ಕಟ್ಟಿದ. ಹಿಡಿಯ ಮೇಲೆ ಬಿಳಿ ಬಣ್ಣದಲ್ಲಿ ಏಳೂವರೆ ಎಂದು ಬರೆದ. ದಂಡೆಯ ಮೇಲೆ ನಿಂತು ಬಯಲು ನೀರಿಗೆ ಎಸೆಯುವವರಿಗೆ ಅದಕ್ಕಿಂತ ಒಳ್ಳೆಯ ಕೋಲು ಸಿಗುತ್ತಿರಲಿಲ್ಲ. ಅವಳು ನಿಲ್ಲುವಂತಿರಲಿಲ್ಲ, ಅದು ಬಯಲೂ ಆಗಿರಲಿಲ್ಲ.

ಪರೀಕ್ಷೆಯ ಬೆಳಿಗ್ಗೆ ಅತ್ತಿಗೆ ಹಿತ್ತಿಲ ಬಾಗಿಲಲ್ಲಿ ಹಳೇ ಚಾದರದ ಸುರುಳಿಯೊಂದನ್ನು ಕೈಗಿತ್ತಳು. ಒಳಗೆ ತಂಗಿಯ ಆರಡಿಯ ಹಳೆಯ ಕೋಲು. ಒಮ್ಮೆ ನಡುವೆ ಮುರಿದಿದ್ದನ್ನು ಅಣ್ಣನೇ ಬೈದುಕೊಂಡು ನೂಲು ಸುತ್ತಿ ಸರಿಮಾಡಿದ್ದ.

"ದೋಣಿಯ ಹಲಗೆ ಕೆಳಗಿಡು. ನಿಮ್ಮಣ್ಣಂಗೆ ಕಾಣಿಸೀಯ, ಆಮೇಲೆ ನನ್ನ ಕಿವಿಗೆ ಹತ್ತಿ ಇಟ್ಕೋಬೇಕಾಗುತ್ತೆ."

ಹತ್ತಕ್ಕೆ ದೋಣಿ ಹೊರಟಿತು. ಪರೀಕ್ಷೆ ನಡೆಸಲು ಕಚೇರಿಯಿಂದ ಬಂದ ಮೇಡಂ ಹಿಂದೆ ಕೂತು ತಾವೇ ಹುಟ್ಟು ಹಾಕುತ್ತಿದ್ದರು. ಉತ್ತರದ ಮೂಲೆ ದೋಣಿಕಟ್ಟೆಗೆ ಎದುರೇ, ಕೂಗಿದರೆ ಕೇಳುವಷ್ಟು ದೂರ. ಕಟ್ಟೆಯ ತುದಿಯಲ್ಲಿ ಅಣ್ಣ ನೆಟ್ಟ ಕಂಬದಂತೆ ನಿಂತಿದ್ದ. ಸುತ್ತ ಹತ್ತು ಹನ್ನೆರಡು ಜನ ಅವನ ಗಿರಾಕಿಗಳು, ಬಲೆ ಹೆಣೆಯುವ ತಾತ ಒಬ್ಬ.

ಮೊದಲ ಎಸೆತಕ್ಕೇ ಕೋಲಿನ ತುದಿ ಕೊಂಬೆಗೆ ಬಡಿದು ಎಲೆ ಉದುರಿತು. ಎರಡನೆಯದರಲ್ಲಿ ದಾರ ರೆಂಬೆಗೆ ಸುತ್ತಿಕೊಂಡಿತು. ಬಿಡಿಸುವುದಕ್ಕೆ ಕಾಲು ಗಂಟೆ. ಮೂರನೆಯದು ಹೇಗೋ ನೆರಳಿನ ಅಂಚಿಗೆ ಬಿತ್ತು. ಗಾಳಕ್ಕೆ ಚುಚ್ಚಿದ ರಬ್ಬರ್ ಹುಳು ಜೀವ ಇದ್ದಂತೆ ಕುಣಿಯಬೇಕಾದರೆ ಕೋಲನ್ನು ಕೆಳಮುಖವಾಗಿ ಮೆಲ್ಲಗೆ ಜಗ್ಗಬೇಕು. ಕೂತವಳ ಕೈಯಲ್ಲಿ ಏಳೂವರೆ ಅಡಿ! ಜಗ್ಗಿದಾಗಲೆಲ್ಲ ತುದಿ ನೀರಿಗೆ ಚಟಾರನೆ ಹೊಡೆಯಿತು. ನೆರಳಿನೊಳಗೆ ಏನೋ ಕಪ್ಪಗೆ ಹೊರಳಿ ಮಾಯವಾಯಿತು.

"ಹತ್ತು ಐವತ್ತು," ಎಂದರು ಮೇಡಂ.

ತಂಗಿಯ ಕಾಲ ಕೆಳಗೆ, ಒಂದು ಹಲಗೆಯ ಅಡಿಯಲ್ಲಿ, ಆರಡಿಯ ಕೋಲು. ತೆಗೆಯಲು ಅರ್ಧ ನಿಮಿಷ ಸಾಕು. ಆದರೆ ಕಟ್ಟೆಯ ಮೇಲಿನ ಅಷ್ಟೂ ಜನರ ಕೈಯಲ್ಲಿ ಅಣ್ಣ ಅಳೆದು ಕೊಟ್ಟ ಕೋಲುಗಳು. ಸ್ವಂತ ತಂಗಿಯೇ ಅವನ ಕೋಲು ಕೆಳಗಿಟ್ಟರೆ ಆ ಗೋಡೆಗೆ, ಆ ಗೆರೆಗಳಿಗೆ ಮತ್ತೆ ಬೆಲೆ ಎಲ್ಲಿಯದು? ಇಪ್ಪತ್ತು ವರ್ಷ ಅವನ ಮನೆಯಲ್ಲಿ ಉಂಡವಳು ಅವಳು.

ಹನ್ನೊಂದು ಹತ್ತು. ಹನ್ನೊಂದು ಇಪ್ಪತ್ತೈದು. ಮತ್ತೆ ಕೊಂಬೆ, ಮತ್ತೆ ಚಟಾರ್.

"ಏನಮ್ಮಾ, ಮೀನು ಹಿಡೀತಿದೀರೋ, ಬಟ್ಟೆ ಒಗೀತಿದೀರೋ?" ಎಂದರು ಮೇಡಂ. ದನಿಯಲ್ಲಿ ಕುಹಕವಿರಲಿಲ್ಲ, ಅದಕ್ಕೇ ಹೆಚ್ಚು ಚುಚ್ಚಿತು.

ಅವಳು ತಲೆಯೆತ್ತಿ ಕಟ್ಟೆಯತ್ತ ನೋಡಿದಳು. ಅಣ್ಣನೂ ನೋಡುತ್ತಿದ್ದ. ಅವನ ಕಣ್ಣು ಅವಳಿಂದ ಕೊಂಬೆಗಳಿಗೆ ಹೋಯಿತು; ಮೊಣಕಾಲಿಗೂ ಬರದ ಆ ಗಿಡಗಳನ್ನು ಬುಡದಿಂದ ತುದಿಯವರೆಗೆ ನೋಡಿತು. ಆಮೇಲೆ ದೋಣಿಯ ಹಲಗೆಗಳ ಮೇಲೆ ಇಳಿದು ಅಲ್ಲೇ ನಿಂತಿತು. ಬೆಳಿಗ್ಗೆ ಮನೆಯ ಮೂಲೆಯಲ್ಲಿ ಹಳೆಯ ಕೋಲು ಇರಲಿಲ್ಲವೆಂಬುದನ್ನು ಅಳತೆಯವನ ಕಣ್ಣು ಗಮನಿಸದೆ ಇದ್ದೀತೇ?

ಅವನು ಸರೋವರಕ್ಕೆ ಬೆನ್ನು ಹಾಕಿ ತಿರುಗಿ ನಿಂತ.

"ನೋಡ್ರೋ," ಬಲೆಯ ತಾತನ ದನಿ ನೀರಿನ ಮೇಲೆ ಹಾಯ್ದು ಬಂತು, "ತಂಗಿ ಸೋಲೋದನ್ನ ನೋಡೋಕಾಗ್ದೆ ಮುಖ ತಿರುಗಿಸ್ಕೊಂಡ! ಬಿದ್ರೂ ಮೀಸೆ ಮಣ್ಣಾಗಬಾರದು ಇವನಿಗೆ!"

ಮೊದಲು ತಂಗಿಯೂ ಹಾಗೆಯೇ ಅಂದುಕೊಂಡಳು. ಕೋಪ ಬಂತು. ಆದರೆ ಕೋಪ ಮಾಡಿಕೊಂಡವನು ಹೊರಟು ಹೋಗುತ್ತಾನೆ. ಇವನು ಹೋಗಲಿಲ್ಲ. ಕೈ ಹಿಂದೆ ಕಟ್ಟಿಕೊಂಡು ಅಲ್ಲೇ ನಿಂತ, ಅವಳು ಏನು ಮಾಡಬೇಕೋ ಮಾಡಿ ಮುಗಿಸಲಿ ಎಂಬಂತೆ.

ಅವಳು ಏಳೂವರೆಯನ್ನು ಕೆಳಗಿಟ್ಟು ಹಲಗೆ ಎತ್ತಿದಳು. ಕಟ್ಟೆಯ ಮೇಲೆ ಗುಜುಗುಜು ಎದ್ದಿತು, ಯಾರೋ ನಕ್ಕರು. ಅಣ್ಣನ ಬೆನ್ನು ಅಲುಗಲಿಲ್ಲ.

ಆರಡಿಯ ಕೋಲು ಕೊಂಬೆಯ ಕೆಳಗಿಂದ ಅಡ್ಡಕ್ಕೆ ಬೀಸಿತು. ಹುಳು ಸದ್ದಿಲ್ಲದೆ ನೆರಳಿನ ನಡುವೆ ಇಳಿಯಿತು. ಒಂದು ಜಗ್ಗು, ಎರಡು. ಮೂರನೆಯದಕ್ಕೆ ದಾರ ಬಿಗಿಯಿತು. ಹನ್ನೊಂದು ನಲವತ್ತಕ್ಕೆ ಮೊದಲ ಬಾಸ್ ದೋಣಿಯೊಳಗೆ ಬಡಿದಾಡುತ್ತಿತ್ತು.

ಎರಡನೆಯದು ಸುಲಭಕ್ಕೆ ಬರಲಿಲ್ಲ. ಹತ್ತು ನಿಮಿಷ ನೀರು ಸತ್ತಂತೆ ಬಿದ್ದಿತ್ತು. ಐದು ನಿಮಿಷ ಉಳಿದಿದೆ ಎನ್ನುವಾಗ ಕಚ್ಚಿತು, ಭಾರವಾಗಿ, ನೇರ ಬೇರುಗಳತ್ತ ಎಳೆಯುತ್ತ. ಕೋಲು ಬಿಲ್ಲಾಯಿತು. ಮುರಿದು ಕಟ್ಟಿದ್ದ ಜಾಗ ಕಿರ್ರೆಂದಿತು. ಅವಳು ಆ ನೂಲಿನ ಸುತ್ತನ್ನೇ ನೋಡುತ್ತಿದ್ದಳು, ಮೀನನ್ನಲ್ಲ. ಅದು ಬಿಚ್ಚಲಿಲ್ಲ.

"ಹನ್ನೊಂದು ಐವತ್ತೆಂಟು," ಎಂದರು ಮೇಡಂ, ಬಲೆಚೀಲದಲ್ಲಿ ಮೀನನ್ನು ಎತ್ತಿಕೊಳ್ಳುತ್ತ. "ನಾಳಿದ್ದು ಕೆಲಸಕ್ಕೆ ಬನ್ನಿ. ಆ ಉದ್ದದ್ದನ್ನ ತರಬೇಡಿ."

ದೋಣಿ ಕಟ್ಟೆಗೆ ಬರುವಷ್ಟರಲ್ಲಿ ಅಣ್ಣ ಇರಲಿಲ್ಲ. ಮನೆಯಲ್ಲಿ ಊಟಕ್ಕೆ ಕೂತಾಗಲೂ ಕೋಲಿನ ಮಾತೆತ್ತಲಿಲ್ಲ. ಸಿಕ್ಕಿತಾ ಎಂದ, ಸಿಕ್ಕಿತು ಎಂದಳು, ಅಷ್ಟೇ. ಕಟ್ಟೆಯ ಸುದ್ದಿ ಆಗಲೇ ಕೇಳಿದ್ದ ಅತ್ತಿಗೆ, ಮೀಸೆಯ ವಿಷಯದಲ್ಲಿ ತಾತ ಹೇಳಿದ್ದು ಸುಳ್ಳೇನಲ್ಲ ಎಂದು ಗೊಣಗಿದಳು.

ಮರುದಿನ ಬೆಳಿಗ್ಗೆ ತಂಗಿ ತನ್ನ ಮೇಜನ್ನು ತೆರವು ಮಾಡಲು ಅಂಗಡಿಗೆ ಹೋದಳು. ಬಾಗಿಲು ಇನ್ನೂ ಅರ್ಧ ಮಾತ್ರ ತೆರೆದಿತ್ತು. ಗೆರೆಗಳ ಗೋಡೆಯ ಮುಂದೆ ಅತ್ತಿಗೆಯ ಅಡುಗೆಮನೆಯ ಸ್ಟೂಲು ಇತ್ತು.

"ಇದ್ಯಾಕಣ್ಣಾ ಇಲ್ಲಿ?"

ಅವನು ಡ್ರಾಯರಿನಲ್ಲಿ ಬಹಳ ಹೊತ್ತು ಹುಡುಕಿ ಒಂದು ಪೆನ್ಸಿಲ್ ತುಂಡು ತೆಗೆದ.

"ಕೂತ್ಕೋ," ಎಂದ. ಅವಳು ಕೂತಳು. ಅವನು ಟೇಪು ಬಿಚ್ಚಿಕೊಂಡು, ಒಂದು ಕೈ ಗೋಡೆಗೆ ಊರಿ, ಅವಳ ಹೆಗಲ ಮಟ್ಟಕ್ಕೆ ಮೆಲ್ಲಗೆ ಮಂಡಿಯೂರಿದ.