ಪಿಸ್ತೂಲಕ್ಕನ ಪ್ರಶ್ನೆ

ಪತ್ರಿಕಾ ಕಚೇರಿಯಲ್ಲಿ ಎಲ್ಲರೂ ಪಿಸ್ತೂಲಕ್ಕ ಎಂದೇ ಕರೆಯುವ ಹಿರಿಯ ವರದಿಗಾರ್ತಿ ಜನ್ಮದಲ್ಲಿ ಒಂದು ಪಿಸ್ತೂಲನ್ನೂ ಹಿಡಿದವರಲ್ಲ. ಬಲೂನು ಒಡೆದರೂ ಬೆಚ್ಚಿಬೀಳುವ ಜೀವ. ಪಕ್ಕದ ಮೇಜಿನಲ್ಲಿ ಕರಡು ತಿದ್ದುವಾಕೆಗೆ ಅವರ ರೀತಿನೀತಿಯೆಲ್ಲ ಬಾಯಿಪಾಠ. ಎಲ್ಲೇ ಗುಂಡು ಹಾರಲಿ, ಉಳಿದ ವರದಿಗಾರರು ಹಾರಿಸಿದವನ ಬೆನ್ನು ಹತ್ತಿದರೆ ಅಕ್ಕ ಪಿಸ್ತೂಲಿನ ಬೆನ್ನು ಹತ್ತುತ್ತಾರೆ. ಅದರ ಮೈಮೇಲಿನ ನಂಬರು ಹಿಡಿದು ಕೈಯಿಂದ ಕೈಗೆ ಹಿಂದಕ್ಕೆ ಹೋಗುತ್ತ, ಪಿಸ್ತೂಲು ಮಾರುವ ಪರವಾನಗಿಗೆ ಚೌಕಟ್ಟು ಹಾಕಿಸಿ ನಗುನಗುತ್ತ ಕೂತ ಅಂಗಡಿಯವನನ್ನು ಮುಟ್ಟುವ ತನಕ ಅವರಿಗೆ ಅನ್ನ ಸೇರುವುದಿಲ್ಲ. ಈ ಚಾಳಿ ಎಷ್ಟು ಅಂಟಿದೆಯೆಂದರೆ, ಹೊಸ ಕುರ್ಚಿ ಬಂದರೂ ಬೋರಲು ಹಾಕಿ ನಂಬರು ಹುಡುಕುತ್ತಾರೆ; ಪೆನ್ನು ಕೊಟ್ಟರೆ "ಇದು ಯಾರ ಕೈಯಿಂದ ಬಂತು?" ಎನ್ನುತ್ತಾರೆ. "ಮದುವೇಲಿ ಭಾವನ್ನೂ ಹೀಗೇ ತಿರುಗಿಸಿ ನೋಡಿದ್ರಾ ಅಕ್ಕಾ?" ಎಂದು ಛಾಯಾಗ್ರಾಹಕ ಕಾಲೆಳೆದರೆ, "ನೋಡ್ದೆ ಕಣೋ. ನಂಬರು ಸವೆದುಹೋಗಿತ್ತು, ಹೇಗೋ ಒಪ್ಕೊಂಡೆ" ಎಂಬ ಉತ್ತರ ಸಿದ್ಧ. ಕಚೇರಿಯೆಲ್ಲ ಗೊಳ್ಳೆನ್ನುತ್ತದೆ. ಕರಡು ತಿದ್ದುವಾಕೆಯೂ ನಗುತ್ತಾಳೆ, ಆದರೆ ಕಣ್ಣು ತುಂಬಿರುತ್ತದೆ. ಅವಳ ತಮ್ಮ ಬೀದಿಜಗಳವೊಂದರಲ್ಲಿ ಗುಂಡಿಗೆ ಬಲಿಯಾದಾಗ, ಕೊಂದವನು ಸಿಕ್ಕಿಬಿದ್ದನಲ್ಲ ಎಂದು ಎಲ್ಲರೂ ಕೈತೊಳೆದುಕೊಂಡರು. ಅವನಿಗೆ ಆ ಪಿಸ್ತೂಲು ಮಾರಿದ್ದು ಯಾರೆಂದು ಕೇಳಿದ್ದು ಅಕ್ಕ ಒಬ್ಬರೇ. ಅವರ ವರದಿ ಬಂದ ಮೇಲೆ ಆ ಅಂಗಡಿ ಮುಚ್ಚಿತು; ಈಗ ಅಲ್ಲಿ ಕನ್ನಡಕ ಮಾರುತ್ತಾರೆ. ಅಂದಿನಿಂದ ಸಂಜೆಯ ಚಹಾವನ್ನು ಅಕ್ಕನ ಮೇಜಿಗೆ ಅವಳೇ ತಂದಿಡುತ್ತಾಳೆ. ಅಕ್ಕ ಬರೆಯುತ್ತಿರುವ ಹಾಳೆಯಿಂದ ತಲೆ ಎತ್ತದೆ, "ಇದು ಯಾರ ಕೈಯಿಂದ ಬಂತು?" ಎನ್ನುತ್ತಾರೆ. "ನನ್ನ ಕೈಯಿಂದಲೇ ಅಕ್ಕಾ. ಆರಿಹೋಗುತ್ತೆ, ಕುಡೀರಿ."