ಎಣ್ಣೆ ಹಾಕಿದರೆ ಏರುವ ಮುಳ್ಳು

"ಎಳೀರಿ ಭಾವ. ಇನ್ನೂ ಜೋರಾಗಿ."

ಭಾವ ದೋಣಿ ಮೋಟಾರಿನ ಹಗ್ಗ ಎಳೆದರು. ಸಿಲಿಂಡರಿನೊಳಗಿನ ಒತ್ತಡ ಅಳೆಯುವ ಗೇಜಿನ ಮುಳ್ಳು ಅರವತ್ತಕ್ಕೆ ಹೋಯಿತು. ಮತ್ತೆ ಎಳೆದರು. ಅರವತ್ತೈದು. ಆಮೇಲೆ ಎಷ್ಟು ಎಳೆದರೂ ಅಲ್ಲೇ. ಕೆಳಗಿನ ಸಿಲಿಂಡರ್ ಆಗಲೇ ನೋಡಿದ್ದೆ, ಅದು ನೂರ ಐದು ಕೊಟ್ಟಿತ್ತು.

"ಮೇಲಿಂದು ಸತ್ತಿದೆ," ಅಂದೆ.

"ನಿನ್ನ ಗೇಜು ಸತ್ತಿದೆ," ಅಂದರು ಭಾವ. "ಬೈಕಿಗೆ ಇಡೋದನ್ನ ತಂದು ದೋಣಿ ಮೋಟಾರಿಗೆ ಇಟ್ರೆ ಅದು ಎಂತ ತೋರಿಸ್ತದೆ ಮಾರಾಯ?"

"ಕೆಳಗಿಂದಕ್ಕೆ ನೂರ ಐದು ತೋರಿಸ್ತಲ್ಲ. ಆವಾಗ ಗೇಜು ಬದುಕಿತ್ತಾ?"

ಭಾವ ಹಗ್ಗ ಬಿಟ್ಟು ಬೀಡಿ ಹಚ್ಚಿದರು. ಪಕ್ಕದಲ್ಲೇ ಪೆಟ್ರೋಲ್ ಕ್ಯಾನ್. ಅದಕ್ಕೂ ಬೈದೆ. ಕೇಳಲಿಲ್ಲ.

ನಾನು ಕಳಸದಲ್ಲಿ ಬೈಕು, ಸ್ಪ್ರೇಯರು, ಕಳೆ ಕೊಚ್ಚುವ ಮಿಷನ್ನು ರಿಪೇರಿ ಮಾಡುತ್ತೇನೆ. ಅಕ್ಕ, ಭಾವ ಇಬ್ಬರೂ ಕೆಲಸ ಮಾಡುವ ಎಸ್ಟೇಟು ಭದ್ರಾ ಹೊಳೆಯ ಎರಡೂ ದಡದಲ್ಲಿದೆ. ಕೂಲಿಯವರ ಲೈನ್ ಮನೆಗಳು ಈಚೆ, ಕಾಫಿ ಹೆಚ್ಚಿರುವುದು ಆಚೆ. ಮಳೆ ಮುಗಿದ ಮೇಲೆ ಕೆಳಗಿನ ಸಣ್ಣ ಅಣೆಕಟ್ಟಿಗೆ ಹಲಗೆ ಹಾಕುತ್ತಾರೆ, ನೀರು ನಿಲ್ಲುತ್ತದೆ. ಸೇತುವೆ ಸುತ್ತಿ ಹೋಗಲು ದೂರ, ಹಾಗಾಗಿ ಕೊಯ್ಲು ಮುಗಿಯುವ ತನಕ ಹೆಂಗಸರನ್ನು ದೋಣಿಯಲ್ಲಿ ದಾಟಿಸುತ್ತಾರೆ. ದೋಣಿ ನಡೆಸುವುದು ಭಾವ. ಮೊದಲ ಟ್ರಿಪ್ಪಿನಲ್ಲೇ ಅಕ್ಕ ಕೂರುತ್ತಾಳೆ. ಅವಳಿಗೆ ಈಜು ಬರುವುದಿಲ್ಲ.

ಮೊದಲು ಹುಟ್ಟು ಹಾಕಿಯೇ ದಾಟಿಸುತ್ತಿದ್ದರು. ಆಮೇಲೆ ಎಸ್ಟೇಟಿನವರು ಘಟ್ಟದ ಕೆಳಗಿನಿಂದ ಈ ಮೋಟಾರ್ ತಂದರು. ಎರಡು ಸಿಲಿಂಡರಿನದು, ಸಮುದ್ರದಲ್ಲಿ ಮೀನು ಹಿಡಿಯುವವರು ಸಾಕಾಗುವಷ್ಟು ಓಡಿಸಿ ಬಿಟ್ಟದ್ದು. ಈ ಸಲ ಕೊಯ್ಲಿನ ಹೊತ್ತಿಗೂ ಮಳೆ ಬಿಡಲಿಲ್ಲ. ನೀರು ಹಲಗೆಯ ಮೇಲಿಂದ ಹರಿಯುತ್ತಿತ್ತು, ಅದರಾಚೆ ಬರೀ ಬಂಡೆ. ನಡುಹೊಳೆಯಲ್ಲಿ ಮೋಟಾರ್ ನಿಂತರೆ ದೋಣಿ ಹೋಗುವುದು ಅಲ್ಲಿಗೇ. ಆ ವಾರ ಎರಡು ಸಲ ನಿಂತಿತ್ತು. ಭಾವ ಹೇಗೋ ಹುಟ್ಟು ಹಾಕಿ ದಡ ಮುಟ್ಟಿಸಿದ್ದರು. ಅಕ್ಕ ಹೆದರಿ ನನಗೆ ಫೋನ್ ಮಾಡಿದಳು, ಅದಕ್ಕೇ ಹೋಗಿದ್ದೆ.

ಭಾವನಿಗೆ ಬಿಡಿಸಿ ಹೇಳಿದೆ. ಮುಳ್ಳು ನೂರಿಪ್ಪತ್ತು ತೋರಿಸಲಿ, ತೊಂಬತ್ತು ತೋರಿಸಲಿ, ಅದು ಅಷ್ಟು ದೊಡ್ಡ ವಿಷಯವಲ್ಲ. ಸಮುದ್ರದ ಹತ್ತಿರ ಹೆಚ್ಚು ತೋರಿಸಿದ ಇಂಜಿನ್ ಇಷ್ಟು ಎತ್ತರಕ್ಕೆ ಬಂದರೆ ಸ್ವಲ್ಪ ಕಡಿಮೆಯೇ ತೋರಿಸುತ್ತದೆ, ಗಾಳಿ ತೆಳುವು. ಆದರೆ ಇಳಿದರೆ ಎರಡೂ ಒಟ್ಟಿಗೆ ಇಳಿಯಬೇಕು. ಒಂದು ನೂರ ಐದು, ಇನ್ನೊಂದು ಅರವತ್ತೈದು ಅಂದರೆ ಒಂದು ಕೆಟ್ಟಿದೆ ಅಂತಲೇ ಅರ್ಥ.

"ಪಂಪ್‌ಸೆಟ್ ನಡೆಸಿದವನಿಗೆ ನೀನು ಪಾಠ ಹೇಳ್ತೀಯ," ಅಂದರು.

ನಾನು ಮೇಲಿನ ಪ್ಲಗ್ಗಿನ ತೂತಿಗೆ ಒಂದು ಚಮಚ ಎಣ್ಣೆ ಬಿಟ್ಟು ಮತ್ತೆ ಗೇಜು ಹಾಕಿದೆ. ಭಾವ ಎಳೆದರು. ಮುಳ್ಳು ತೊಂಬತ್ತೈದಕ್ಕೆ ಹಾರಿತು.

ನನಗೆ ಬೇಕಾದದ್ದು ಸಿಕ್ಕಿತು. ಪಿಸ್ಟನ್ನಿನ ರಿಂಗ್ ಸವೆದಿದ್ದರೆ ಸಂದಿಯಲ್ಲಿ ಗಾಳಿ ಸೋರುತ್ತದೆ. ಎಣ್ಣೆ ಆ ಸಂದಿಯನ್ನು ಒಂದು ಗಳಿಗೆ ಮುಚ್ಚುತ್ತದೆ, ಮುಳ್ಳು ಏರುತ್ತದೆ. ಎಣ್ಣೆ ಹಾಕಿದರೂ ಏರದಿದ್ದರೆ ಕಾಯಿಲೆ ಬೇರೆ ಕಡೆ ಇರುತ್ತಿತ್ತು. ಏರಿತು, ಹಾಗಾಗಿ ರಿಂಗ್ ಹೋಗಿದೆ. ಎಣ್ಣೆ ಹಾಕುವುದು ಇಷ್ಟು ತಿಳಿದುಕೊಳ್ಳಲಿಕ್ಕೆ ಮಾತ್ರ.

ನಾನು ಬಾಯಿ ತೆರೆಯುವ ಮೊದಲೇ ಭಾವ ದಡದ ಕಡೆ ತಿರುಗಿ ಕೂಗಿದರು. "ರೈಟ್ರೇ, ಸರಿಯಾಯ್ತು. ಒಂದು ಚಮಚ ಎಣ್ಣೆ ಸಾಕಾಗಿತ್ತು."

ಹಳೇ ಡೀಸೆಲ್ ಪಂಪ್‌ಸೆಟ್ಟು ಚಳಿಗೆ ಸ್ಟಾರ್ಟ್ ಆಗದಿದ್ದರೆ ನಮ್ಮ ಕಡೆ ಎಲ್ಲರೂ ಮಾಡುವುದು ಇದನ್ನೇ. ಸ್ವಲ್ಪ ಎಣ್ಣೆ ಬಿಟ್ಟು ಹ್ಯಾಂಡಲ್ ತಿರುಗಿಸುತ್ತಾರೆ. ಭಾವ ಬೇಸಿಗೆಯಿಡೀ ಕಾಫಿಗೆ ನೀರು ಹಾರಿಸಿದವರು, ಅವರ ಕೈಗೆ ಅದೇ ರೂಢಿ. ಕಾಯಿಲೆ ತೋರಿಸಿದ್ದನ್ನೇ ಔಷಧಿ ಅಂದುಕೊಂಡರು.

ಎಸ್ಟೇಟಿನ ಲೆಕ್ಕ ಬರೆಯುವ ರೈಟ್ರು ಛತ್ರಿ ಹಿಡಿದು ಬಂದು ಗೇಜು ನೋಡಿದರು. "ತೊಂಬತ್ತೈದು ಉಂಟಲ್ಲ. ಇನ್ನೆಂತ?"

"ಎಣ್ಣೆ ಸುಟ್ಟು ಹೋದ ಮೇಲೆ ಮತ್ತೆ ಅರವತ್ತೈದೇ ಸಾರ್. ಬಿಚ್ಚಬೇಕು. ರಿಂಗ್ ಮಂಗಳೂರಿಂದ ಬರಬೇಕು."

"ಈಗ ಬಿಚ್ಚಿದ್ರೆ ಹಣ್ಣು ನೆಲಕ್ಕೆ ಬೀಳ್ತದೆ. ಕೊಯ್ಲು ಮುಗೀಲಿ."

"ಹಾಗಾದ್ರೆ ಮೊದಲ ಟ್ರಿಪ್ಪಲ್ಲಿ ನೀವು ಕೂತ್ಕೊಳ್ಳಿ."

ರೈಟ್ರು ಬಂದ ದಾರಿಯಲ್ಲೇ ತಿರುಗಿ ಹೋದರು. ಭಾವ ನನ್ನ ಹತ್ತಿರ ಬಂದರು. "ನನ್ನ ಕೆಲಸ ತೆಗಿಲಿಕ್ಕೇ ಬಂದಿದ್ದೀಯ ನೀನು. ದೋಣಿ ನಿಂತ್ರೆ ನಾಳೆಯಿಂದ ನನ್ನನ್ನ ಮೂಟೆ ಹೊರೋಕೆ ಹಾಕ್ತಾರೆ."

"ಹೊರಿ. ಅಕ್ಕ ಮುಳುಗೋದಕ್ಕಿಂತ ಅದು ವಾಸಿ."

ರಾತ್ರಿ ಊಟಕ್ಕೆ ಕೂತೆವು. ಅಕ್ಕ ಇಬ್ಬರಿಗೂ ಬಡಿಸಿದಳು. ಯಾರ ಪರವೂ ಹೇಳಲಿಲ್ಲ.

ಬೆಳಿಗ್ಗೆ ಹೊಳೆ ಇನ್ನೂ ಏರಿತ್ತು. ಭಾವ ಪ್ಲಗ್ ಬಿಚ್ಚಿ ಎಣ್ಣೆ ಬಿಟ್ಟರು, ಹಗ್ಗ ಎಳೆದರು. ಬಿಳಿ ಹೊಗೆ ಕಾರಿ ಮೋಟಾರ್ ಎದ್ದಿತು. ಹೆಂಗಸರು ಹತ್ತಿದರು, ಅಕ್ಕ ಮುಂದೆ ಕೂತಳು. ದೋಣಿಯ ಹಗ್ಗ ದಡದ ಹೊನ್ನೆ ಮರದ ಬುಡಕ್ಕೆ ಕಟ್ಟಿತ್ತು. ನಾನು ಗಂಟಿನ ಮೇಲೆ ಕಾಲಿಟ್ಟು ನಿಂತೆ.

"ಕಾಲು ತೆಗಿ," ಅಂದರು ಭಾವ.

"ಕಟ್ಟಿದ ಹಾಗೇ ಓಡಿಸಿ. ಎಣ್ಣೆ ಸುಡಲಿ. ಆಮೇಲೆ ನಿಲ್ಸಿ, ಮತ್ತೆ ಸ್ಟಾರ್ಟ್ ಮಾಡಿ. ಸ್ಟಾರ್ಟ್ ಆದ್ರೆ ನಾನು ಹೋಗ್ತೀನಿ, ಮತ್ತೆ ಈ ಕಡೆ ಬರಲ್ಲ."

"ಹೆಂಗಸರ ಮುಂದೆ ನನ್ನನ್ನ ಪರೀಕ್ಷೆ ಮಾಡ್ತೀಯ?"

"ನಿಮ್ಮನ್ನಲ್ಲ. ಮೋಟಾರನ್ನ."

ಹಿಂದೆ ಕೂತ ವಯಸ್ಸಾದ ಹೆಂಗಸೊಬ್ಬಳು ಎಲೆ ಅಡಿಕೆ ಜಗಿಯುತ್ತಾ ಅಂದಳು, "ಮಾಡಿ ತೋರ್ಸು ಮಾರಾಯ, ಅವನ ಬಾಯಿ ಮುಚ್ಲಿ. ನನಗೆ ಕೂತು ಚಳಿ ಹಿಡೀತದೆ."

ಭಾವ ಸಿಟ್ಟಿನಲ್ಲೇ ಓಡಿಸಿದರು. ದೋಣಿ ಹಗ್ಗ ಜಗ್ಗಿ ನಿಂತಿತು. ಮೊದಮೊದಲು ಜೋರು. ಹೊಗೆ ತೆಳುವಾಗುತ್ತಾ ಬಂದ ಹಾಗೆ ಶಬ್ದ ಬದಲಾಯಿತು. ಒಂದು ಸಿಲಿಂಡರ್ ಮಾತ್ರ ಹೊಡೆಯುತ್ತಿತ್ತು. ಬಿಗಿದಿದ್ದ ಹಗ್ಗ ಸಡಿಲವಾಯಿತು. ನೀರು ದೋಣಿಯನ್ನು ಮೆಲ್ಲಗೆ ಅಣೆಕಟ್ಟಿನ ಕಡೆ ತಿರುಗಿಸಿತು, ಮೋಟಾರ್ ಓಡುತ್ತಿರುವಾಗಲೇ. ಹಗ್ಗ ಮತ್ತೆ ಬಿಗಿಯಾಯಿತು, ಈ ಸಲ ಕೆಳಗಿನ ಕಡೆಗೆ.

"ಈಗ ನಿಲ್ಸಿ, ಸ್ಟಾರ್ಟ್ ಮಾಡಿ," ಅಂದೆ.

ನಿಲ್ಲಿಸಿದರು. ಎಳೆದರು. ಮತ್ತೆ ಎಳೆದರು. ಅಂಗಿ ಬೆನ್ನಿಗೆ ಅಂಟುವ ತನಕ ಎಳೆದರು. ಎಲೆ ಅಡಿಕೆಯವಳು ನೀರಿಗೆ ಉಗಿದು ಮೊದಲು ಇಳಿದಳು. ಉಳಿದವರೂ ಇಳಿದರು. ಅಕ್ಕ ಕೊನೆಗೆ ಇಳಿದು, ನನ್ನನ್ನು ದಾಟಿ, ಸೇತುವೆಯ ದಾರಿ ಹಿಡಿದಳು. ಭಾವ ಎಣ್ಣೆ ಡಬ್ಬಿಯನ್ನು ನನ್ನ ಕಾಲ ಹತ್ತಿರ ಎಸೆದರು.

ಈಗ ಹೆಂಗಸರು ಸೇತುವೆ ಸುತ್ತಿ ನಡೆದು ಹೋಗುತ್ತಾರೆ. ಕತ್ತಲಲ್ಲೇ ಹೊರಡಬೇಕು, ನನ್ನನ್ನು ಬೈಯುತ್ತಲೇ ಹೊರಡುತ್ತಾರೆ. ದೋಣಿ ದಡದಲ್ಲಿ ಬೋರಲು ಬಿದ್ದಿದೆ. ಭಾವ ಮೂಟೆ ಹೊರುತ್ತಾರೆ, ಕಳಸದ ಪೇಟೆಯಲ್ಲಿ ಎದುರು ಸಿಕ್ಕರೆ ರಸ್ತೆ ದಾಟಿ ಆಚೆ ಹೋಗುತ್ತಾರೆ. ಅಕ್ಕ ಒಂದು ಸಲ ಫೋನ್ ಮಾಡಿದಳು. "ಮೋಟಾರ್ ನೋಡು ಅಂದಿದ್ದೆ. ನನ್ನ ಗಂಡನ ಮರ್ಯಾದೆ ತೆಗಿ ಅಂದಿರ್ಲಿಲ್ಲ. ನಿನ್ನ ಗೇಜು ನೀನೇ ಇಟ್ಕೋ," ಅಂದು ಇಟ್ಟಳು.

ಬೈಯಲಿ. ಬೈಯಲಿಕ್ಕೆ ಇದ್ದಾಳಲ್ಲ.

ಆ ಮೋಟಾರ್ ಬಗ್ಗೆ ಇಷ್ಟೇ. ಹೇಳುವುದು ಇನ್ನೇನೂ ಇಲ್ಲ.