ಸುರಂಗದ ಬಾಯಲ್ಲಿ ಕಿಯೊ ಅವರ ರೇಡಿಯೊ

ಈಗಷ್ಟೇ ಬೆಳಕು ಹರಿಯುತ್ತಿದೆ. ಬೆಟ್ಟದೂರು ಕಾನಿಸವದ ಹಳೇ ಸ್ಟೇಷನ್ನಿನ ಪ್ಲಾಟ್‌ಫಾರ್ಮಿನ ಮೇಲೆ ಹತಕೆಯಾಮ ಕಿಯೊ ಅಜ್ಜಿ ತಮ್ಮ ಸೈಕಲ್ಲಿನ ಬುಟ್ಟಿಗೆ ರೇಡಿಯೊ ಕಟ್ಟುತ್ತಿದ್ದಾರೆ. ರಬ್ಬರ್ ಪಟ್ಟಿ ಸುತ್ತಿ ಎಳೆದು ನೋಡುತ್ತಾರೆ, ನಂಬಿಕೆ ಬಾರದೆ ಮತ್ತೆ ಎಳೆಯುತ್ತಾರೆ. ಹ್ಯಾಂಡಲ್ಲಿಗೊಂದು ಹಿತ್ತಾಳೆ ಗಂಟೆ, ಸೊಂಟಕ್ಕೊಂದು ಗಂಟೆ, ಕೊರಳಲ್ಲಿ ಸೀಟಿ. ಬೆರಳುಗಳು ನಡುಗುತ್ತಿವೆ. ಚಳಿಗಿರಬೇಕು ಅಂದುಕೊಳ್ಳುತ್ತೇನೆ.

“ಚಳಿಗಲ್ಲ ಮಗಳೇ,” ಎನ್ನುತ್ತಾರೆ, ನಾನು ಕೇಳದೆಯೇ. “ಹೆದರಿಕೆಗೆ. ಈ ಕೆಲಸಕ್ಕೆ ಸೇರಿದಾಗಿನಿಂದ ದಿನಾ ಇದೇ ಕಥೆ. ಪೆಡಲ್ ತುಳಿದ ಮೇಲೆ ಕೈಯಿಂದ ಕಾಲಿಗಿಳಿಯುತ್ತೆ, ಅಷ್ಟೇ.”

ರೇಡಿಯೊದ ಧ್ವನಿಯನ್ನು ಪೂರ್ತಿ ಏರಿಸುತ್ತಾರೆ. ಹವಾಮಾನ ಓದುವ ಹೆಂಗಸಿನ ದನಿ ಖಾಲಿ ಕಣಿವೆಯ ತುಂಬ ಹರಡುತ್ತದೆ. ಇವತ್ತು ಅವರ ಜೊತೆ ನಾನೂ ಹೊರಟಿದ್ದೇನೆ; ಇಬ್ಬರೂ ಸೈಕಲ್ ಏರುತ್ತೇವೆ.

ಹಿಂದೆ ಇಲ್ಲಿ ರೈಲು ಓಡುತ್ತಿತ್ತು. ಹತ್ತುವವರಿಲ್ಲದೆ ರೈಲು ನಿಂತಿತು. ಹಳಿ ಕಿತ್ತರು, ಟಾರು ಹಾಕಿದರು, ಸೈಕಲ್ ದಾರಿಯಾಯಿತು. ಸ್ಟೇಷನ್ ದಾಟಿದರೆ ಒಂದು ಸುರಂಗ. ಪ್ಲಾಟ್‌ಫಾರ್ಮಿನಲ್ಲಿ ನಿಂತರೆ ಅದರ ಕಪ್ಪು ಬಾಯಿ ನೇರ ಕಾಣುತ್ತದೆ. ಆಚೆಗೆ ನದಿಯ ಪಕ್ಕ, ಗದ್ದೆಗಳ ನಡುವೆ, ಹದಿನೆಂಟು ಕಿಲೊಮೀಟರ್. ಕಾರಿಲ್ಲ, ಲಾರಿಯಿಲ್ಲ. ಎಲೆ ಕೆಂಪಾಗುವ ಕಾಲಕ್ಕೆ ನಗರದ ಜನ ಸೈಕಲ್ಲುಗಳನ್ನು ಬಿಚ್ಚಿ ಚೀಲದಲ್ಲಿಟ್ಟುಕೊಂಡು ಬಸ್ಸಿನಲ್ಲಿ ಬರುತ್ತಾರೆ. ಎಂಥ ಶಾಂತವಾದ ದಾರಿ ಎಂದು ಹೊಗಳುತ್ತಾರೆ. ನಾನು ಸ್ಟೇಷನ್ನಿನ ಅಂಗಡಿಯಲ್ಲಿ ಅನ್ನದ ಉಂಡೆ ಕಟ್ಟುವವಳು. ಆ ಮಾತು ದಿನವೂ ಕಿವಿಗೆ ಬೀಳುತ್ತದೆ. ದಾರಿಯಲ್ಲಿ ಒಂದು ಕೊಂಬೆಯೂ ಯಾಕೆ ಬಿದ್ದಿರಲಿಲ್ಲ ಎಂದು ಈವರೆಗೆ ಯಾರೂ ಕೇಳಿದ್ದಿಲ್ಲ.

ಕೊಂಬೆ ಎತ್ತುವವರು ಕಿಯೊ. ಟೈರಿಗೆ ಚುಚ್ಚುವ ಚೆಸ್ಟ್‌ನಟ್ ಕಾಯಿಯ ಮುಳ್ಳುಸಿಪ್ಪೆ ಗುಡಿಸುವವರು, ಗುಡ್ಡದಿಂದ ಉರುಳಿದ ಕಲ್ಲು ಸರಿಸುವವರು, ಕಣಜದ ಗೂಡು ಕಂಡರೆ ಹಗ್ಗ ಕಟ್ಟುವವರು ಅವರೇ. ಎಲ್ಲಕ್ಕಿಂತ ಮುಖ್ಯವಾಗಿ, ಕರಡಿ ಬಂದು ಹೋಗಿದೆಯೇ ಎಂದು ನೋಡುವವರು. ಕೊನೆಯವರೆಗೂ ಹೋಗಿ ಬಂದು, ಸ್ಟೇಷನ್ನಿನ ಗೇಟಿನಲ್ಲಿ ತೂಗುವ ಹಲಗೆಯನ್ನು ತಿರುಗಿಸುತ್ತಾರೆ. ಹಸಿರು ಮುಖವಾದರೆ ಹೋಗಬಹುದು, ಕೆಂಪಾದರೆ ಇಲ್ಲ.

ಅರವತ್ತೇಳರ ಕಿಯೊ ರೈಲಿದ್ದ ಕಾಲದಲ್ಲಿ ಇದೇ ಪ್ಲಾಟ್‌ಫಾರ್ಮಿನಲ್ಲಿ ಬುತ್ತಿ ಮಾರುತ್ತಿದ್ದರು. ಆಮೇಲೆ ಅಣಬೆ ಆರಿಸಿ ಬದುಕಿದರು, ಪಕ್ಕದ ಮನೆಯ ಗೆಳತಿ ಫುಮಿಯ ಜೊತೆ. ಒಂದು ಶರತ್ಕಾಲದಲ್ಲಿ ಫುಮಿ ಮುಂದೆ, ಇವರು ಹಿಂದೆ. ಪೊದೆಯಿಂದ ಎದ್ದ ಕರಡಿಯ ಒಂದೇ ಏಟಿಗೆ ಫುಮಿಯ ಎಡಗಣ್ಣು ಹೋಯಿತು.

“ನಾವಿಬ್ರೂ ಬಾಯಿ ಮುಚ್ಕೊಂಡು ನಡೀತಿದ್ವಿ,” ಎನ್ನುತ್ತಾರೆ. “ಹಿಂದಿನ ದಿನ ಜಗಳ ಆಡಿದ್ವಿ, ಮೂಲಂಗಿ ವಿಷಯಕ್ಕೆ. ಮಾತಾಡ್ತಾ ಹೋಗಿದ್ರೆ ಅದು ತಾನಾಗೇ ಜಾಗ ಬಿಟ್ಟು ಹೋಗ್ತಿತ್ತು. ಅದಕ್ಕೇ ಈಗ ಬಾಯಿ ಮುಚ್ಚಲ್ಲ.”

ಸುರಂಗದೊಳಗೆ ಹೋದರೆ ರೇಡಿಯೊಗೆ ಅಲೆ ಸಿಗುವುದಿಲ್ಲ. ಬರೀ ಗೊರಗೊರ. ಅಲ್ಲಿ ಕಿಯೊ ತಾವೇ ಗಟ್ಟಿಯಾಗಿ ಮಾತಾಡುತ್ತಾರೆ. ಏನು ಮಾತಾಡುತ್ತೀರಿ ಎಂದರೆ, “ಎಲೆಕೋಸಿನ ರೇಟು. ಸೊಸೆ ಮೇಲಿನ ದೂರು. ಯಜಮಾನ ಎಲ್ಲಾ ಕೇಳಿಸ್ಕೊಂಡಿರ್ತಾನೆ.” ಯಜಮಾನ ಎಂದರೆ ಕರಡಿ. ಬೆಟ್ಟದ ಹತ್ತಿರ ಅದರ ಹೆಸರನ್ನು ಇಲ್ಲಿ ಯಾರೂ ಎತ್ತುವುದಿಲ್ಲ.

ಕಳೆದ ವರ್ಷ ಪಕ್ಕದ ಕಣಿವೆಯ ಸೈಕಲ್ ದಾರಿಯಲ್ಲಿ ಸವಾರನೊಬ್ಬನ ಮೇಲೆ ಕರಡಿ ಬಿತ್ತು. ಮಾರನೇ ದಿನ ಗೇಟಿಗೆ ಬೀಗ ಬಿತ್ತು, ಮತ್ತೆ ತೆರೆಯಲಿಲ್ಲ. ಈಗ ಅಲ್ಲಿ ಹುಲ್ಲು ಸೈಕಲ್ ಸೀಟಿನ ಮಟ್ಟಕ್ಕೆ ಬೆಳೆದಿದೆ, ಎರಡು ವಸತಿಗೃಹಗಳು ಮುಚ್ಚಿವೆ. ನಮ್ಮ ದಾರಿಯಲ್ಲೂ ಒಬ್ಬರಿಗೆ ಏಟಾದರೆ ಅದೇ ಗತಿ ಎಂದು ಊರಿಗೆಲ್ಲ ಗೊತ್ತು. ಈ ವರ್ಷ ಬೆಟ್ಟದ ಬೀಚ್ ಎಂಬ ಕಾಡುಮರಗಳಲ್ಲಿ ಕರಡಿ ತಿನ್ನುವ ಕಾಯಿಯೇ ಇಲ್ಲ; ಹಸಿದ ಕರಡಿಗಳು ಕೆಳಗಿಳಿಯುತ್ತಿವೆ. ಅದಕ್ಕೇ ದಾರಿಯ ಅಕ್ಕಪಕ್ಕದ ಕಾಕಿ ಮರಗಳ ಹಣ್ಣನ್ನೆಲ್ಲ, ಆ ಕಿತ್ತಳೆ ಬಣ್ಣದ ಒಗರು ಹಣ್ಣನ್ನೆಲ್ಲ, ಕಳೆದ ವಾರ ಊರವರೇ ಬಿದಿರು ಗಳ ಹಿಡಿದು ಕಿತ್ತರು.

ಇಂದು ಭಾನುವಾರ. ಸುರಂಗದ ಬಾಯಿಯ ಕಾಕಿ ಮರದ ಹತ್ತಿರ ಬರುತ್ತಿದ್ದಂತೆ ಕಿಯೊ ಬ್ರೇಕ್ ಹಿಡಿಯುತ್ತಾರೆ. ಮರದ ಬುಡದಲ್ಲಿ ಮುರಿದ ಕೊಂಬೆಗಳು. ತೊಗಟೆಯ ಮೇಲೆ ಹಸಿ ಗೀರುಗಳು, ಒಳಗಿನ ಬಿಳುಪು ಕಾಣುವಷ್ಟು ಆಳ. ಟಾರಿನ ಮೇಲೆ ಹಿಕ್ಕೆಯ ಗುಪ್ಪೆ, ಅದರಿಂದ ಇನ್ನೂ ಹಬೆ ಏಳುತ್ತಿದೆ.

ಕಿಯೊ ಅದನ್ನು ನೋಡುತ್ತಿಲ್ಲ. ಮರದ ತುದಿ ನೋಡುತ್ತಿದ್ದಾರೆ. ಅಲ್ಲಿ ಹಣ್ಣಿಲ್ಲ, ಬರೀ ತೊಟ್ಟು ಇದೆ. ಅವರ ಮುಖದ ಬಣ್ಣ ಇಳಿಯುತ್ತದೆ.

ಸುರಂಗದೊಳಗೆ ಎಲ್ಲೋ ಒಂದು ಕಲ್ಲು ಉರುಳಿದ ಸದ್ದು.

“ಓಡಬೇಡ,” ಎಂದು ಪಿಸುಗುಡುತ್ತಾರೆ. “ಬೆನ್ನು ತೋರಿಸಬೇಡ. ನನ್ನ ಜೊತೆ ಹಿಂದಕ್ಕೆ ಹೆಜ್ಜೆ ಹಾಕು.” ರೇಡಿಯೊವನ್ನು ಬುಟ್ಟಿಯಿಂದ ಬಿಡಿಸಿ, ಮರದ ಕೆಳಗಿನ ಕೊಂಬೆಗೆ ನೇತುಹಾಕುತ್ತಾರೆ. ಅದು ಕೂಗುತ್ತಿರುವಷ್ಟು ಹೊತ್ತು ಯಜಮಾನ ಹೊರಗೆ ಬರಲಿಕ್ಕಿಲ್ಲ ಎಂಬ ಆಸೆ. ಸೈಕಲ್ಲುಗಳನ್ನು ಹಿಂದಕ್ಕೆ ತಳ್ಳುತ್ತ, ಕಪ್ಪು ಬಾಯಿಯಿಂದ ಕಣ್ಣು ಕೀಳದೆ ಸ್ಟೇಷನ್ನಿಗೆ ಬರುತ್ತೇವೆ. ಕಿಯೊ ಪೊಲೀಸರಿಗೆ ಫೋನ್ ಮಾಡಿ, ಹಲಗೆಯ ಕೆಂಪು ಮುಖ ತಿರುಗಿಸುತ್ತಾರೆ.

ಅಷ್ಟರಲ್ಲಿ ವಸತಿಗೃಹ ನಡೆಸುವ ಒಯಿಕಾವ ಸದಾಜಿಯವರ ವ್ಯಾನು ಬರುತ್ತದೆ. ಹಿಂದೆಯೇ ಹನ್ನೆರಡು ಜನ ಸವಾರರು, ಬಣ್ಣಬಣ್ಣದ ಬಿಗಿ ಅಂಗಿಗಳಲ್ಲಿ. ಒಯಿಕಾವ ಹಲಗೆ ನೋಡಿ ತಲೆ ಚಚ್ಚಿಕೊಳ್ಳುತ್ತಾರೆ.

“ಕಿಯೊ ಅಕ್ಕ! ಇವತ್ತೂನಾ? ಹೋದ ವಾರ ಹಂದಿ ಹೆಜ್ಜೆಗೆ ಮುಚ್ಚಿಸಿದ್ರಿ. ನಾಳೆ ನಿಮ್ಮ ನೆರಳಿಗೂ ಮುಚ್ಚಿಸ್ತೀರ.”

“ಹಿಕ್ಕೆ ಬಿಸಿ ಇದೆ ಸದಾಜಿ.”

“ಮುಟ್ಟಿ ನೋಡಿದ್ರಾ?” ಸವಾರರು ನಗುತ್ತಾರೆ. ನರೆಗೂದಲಿನ ಒಬ್ಬರು ಮಾತ್ರ, “ಅಜ್ಜೀ, ಎಲ್ಲರೂ ಗಂಟೆ ಕಟ್ಕೊಂಡಿದೀವಿ, ಒಟ್ಟಿಗೆ ಹೋದ್ರೆ ಆಗಲ್ವಾ?” ಎಂದು ಮರ್ಯಾದೆಯಿಂದ ಕೇಳುತ್ತಾರೆ.

“ಹಾಗೇ ಹೋಗಿ,” ಎಂದು ಒಯಿಕಾವ ಹಲಗೆಗೆ ಕೈ ಹಾಕುತ್ತಾರೆ. “ಮರದಲ್ಲಿ ಒಂದು ಹಣ್ಣಿಲ್ಲ, ನಾವೇ ನಿಂತು ಕಿತ್ತಿದೀವಿ. ಕರಡಿ ಯಾಕೆ ಬರುತ್ತೆ, ಇವರ ಮುಖ ನೋಡೋಕಾ?”

ಕಿಯೊ ಹಲಗೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಾರೆ. ಹೇಳಿದರೆ ಕೆಲಸ ಹೋಗಬಹುದು. ಹೇಳದಿದ್ದರೆ ಇವರು ಹೋಗುತ್ತಾರೆ.

“ಒಂದು ಹಣ್ಣಿತ್ತು,” ಎನ್ನುತ್ತಾರೆ. “ತುದೀಲಿ. ನಾನೇ ಬಿಟ್ಟಿದ್ದು.”

ಒಯಿಕಾವ ಅವರ ಕೈ ಹಲಗೆಯ ಮೇಲೆಯೇ ನಿಲ್ಲುತ್ತದೆ. “ಮರದ ಕಾವಲಿಗಾ?”

“ಹೂಂ. ಎಲ್ಲಾ ಕೀಳಬೇಕು ಅಂತ ಗೊತ್ತಿತ್ತು. ಕೈ ಕೇಳಲಿಲ್ಲ.”

ನಮ್ಮಲ್ಲಿ ಯಾರೂ ಕಾಕಿ ಮರವನ್ನು ಬರಿದು ಮಾಡುವುದಿಲ್ಲ. ತುದಿಯ ಒಂದು ಹಣ್ಣು ಮರವನ್ನು ಕಾಯಲಿ, ಬರುವ ವರ್ಷ ಮರ ಮತ್ತೆ ಬಿಡಲಿ ಎಂದು ಉಳಿಸುತ್ತೇವೆ. ಅಜ್ಜಿಯಂದಿರು ಹಾಗೆ ಕಲಿಸಿದ್ದು. ಒಯಿಕಾವ ಬೈಯಬಹುದೆಂದು ಕಾಯುತ್ತೇನೆ. ಅವರು ಹಲಗೆಯಿಂದ ಕೈ ತೆಗೆದು, ಆ ಕೈಯನ್ನೇ ನೋಡಿಕೊಳ್ಳುತ್ತಾರೆ.

“ಸೇತುವೆ ಹತ್ತಿರದ ಮೂರು ಮರ ನಾನು ಕಿತ್ತಿದ್ದು,” ಎನ್ನುತ್ತಾರೆ ಮೆಲ್ಲಗೆ. “ಮೂರರಲ್ಲೂ ಒಂದೊಂದು ಇದೆ.”

ಯಾರೂ ನಗುವುದಿಲ್ಲ. ದೂರದಲ್ಲಿ ರೇಡಿಯೊ ಬೆಳಗಿನ ವ್ಯಾಯಾಮದ ಪಿಯಾನೊ ನುಡಿಸುತ್ತಿದೆ. ಕೈ ಮೇಲೆತ್ತಿ, ಇಳಿಸಿ ಎಂದು ಗಂಡಸೊಬ್ಬ ಖುಷಿಯಿಂದ ಕೂಗುತ್ತಿದ್ದಾನೆ.

ಇದ್ದಕ್ಕಿದ್ದಂತೆ ಅದು ನಿಲ್ಲುತ್ತದೆ.

“ಬ್ಯಾಟರಿ ಮುಗೀತೇನೋ,” ಎನ್ನುತ್ತಾನೆ ಸವಾರರಲ್ಲೊಬ್ಬ.

“ನಿನ್ನೆ ಹಾಕಿದ್ದು,” ಎನ್ನುತ್ತಾರೆ ಕಿಯೊ.

ಹನ್ನೆರಡು ಜನರೂ ಸುರಂಗದ ಕಡೆ ನೋಡುತ್ತಾರೆ. ಅಲ್ಲಿ ಏನೂ ಕಾಣುವುದಿಲ್ಲ, ಮರದ ಒಂದು ಕೊಂಬೆ ಅಲ್ಲಾಡುತ್ತಿದೆಯಷ್ಟೇ. ಗಾಳಿ ಇಲ್ಲ. ನರೆಗೂದಲಿನವರು ಸದ್ದಿಲ್ಲದೆ ತಮ್ಮ ಸೈಕಲ್ ಎತ್ತಿ ವ್ಯಾನಿಗೆ ಇಡುತ್ತಾರೆ. ಉಳಿದವರೂ.

ಹೊತ್ತೇರಿದ ಮೇಲೆ ಬೇಟೆಗಾರರು ಬಂದೂಕು ಹಿಡಿದು ಹೋಗುತ್ತಾರೆ. ಕರಡಿ ಸಿಗುವುದಿಲ್ಲ. ರೇಡಿಯೊ ಸಿಗುತ್ತದೆ, ಚರಂಡಿಯಲ್ಲಿ. ಅದರ ಮೈಯಲ್ಲಿ ಹಲ್ಲು ನಾಟಿದ ನಾಲ್ಕು ತೂತು.

ಮಧ್ಯಾಹ್ನ ಊರವರು ಮತ್ತೆ ಗಳ, ಏಣಿ ಹಿಡಿದು ಹೊರಡುತ್ತಾರೆ. ತಮ್ಮ ಮರದಲ್ಲಿ ಒಂದಿದೆ ಎಂದು ಒಬ್ಬೊಬ್ಬರಾಗಿ, ತಲೆ ತಗ್ಗಿಸಿ, ಒಪ್ಪಿಕೊಳ್ಳುತ್ತಾರೆ. ಪ್ರತಿ ಮರದ ಕೆಳಗೂ ಕಿಯೊ, ದೇವರ ಮುಂದೆ ಮಾಡುವ ಹಾಗೆ, ಎರಡು ಸಲ ಕೈ ತಟ್ಟಿ ಬಾಗುತ್ತಾರೆ, ಆಮೇಲೆ ಕಾವಲಿನ ಹಣ್ಣು ಕೆಳಗಿಳಿಯುತ್ತದೆ. “ಬರೋ ವರ್ಷ ಮರ ಬಿಡದಿದ್ರೆ ಅಂತ ಇನ್ನೊಂದು ಹೆದರಿಕೆ ಈಗ,” ಎನ್ನುತ್ತಾರೆ.

ಸಂಜೆ ಸ್ಟೇಷನ್ನಿನಲ್ಲಿ ಸಭೆ. ದಾರಿ ಮುಚ್ಚಿಬಿಡೋಣ ಎಂದು ಕೆಲವರು. ದಿನವೂ ಬೆಳಿಗ್ಗೆ ಒಬ್ಬರು ಮುಂಚೆ ಹೋಗಿ ನೋಡುವುದಾದರೆ ಮಾತ್ರ ತೆರೆದಿರಲಿ ಎಂದು ಪಟ್ಟಣ ಕಚೇರಿಯವರು. ಯಾರು ಹೋಗುತ್ತೀರಿ ಎಂದು ಕೇಳಿದಾಗ ನೆಲ ನೋಡದೆ ಇದ್ದವರು ಕಿಯೊ ಒಬ್ಬರೇ. “ಹಣ್ಣು ಬಿಟ್ಟವಳನ್ನೇ ಮತ್ತೆ ಇಟ್ಕೋತೀರಾ?” ಎಂದು ಅವರೇ ಕೇಳುತ್ತಾರೆ. “ಬಿಡದೇ ಇರೋರು ಯಾರಿದಾರೆ ಇಲ್ಲಿ,” ಎಂದು ಒಯಿಕಾವ ಗದರುತ್ತಾರೆ. ಮಾರನೇ ದಿನ ತಮ್ಮ ಮನೆಯ ರೇಡಿಯೊ ತಂದುಕೊಡುತ್ತಾರೆ.

ಈಗಲೂ ಬೆಳಿಗ್ಗೆ ಕಿಯೊ ಅವರ ಬೆರಳುಗಳು ನಡುಗುತ್ತವೆ. ಮಂಡಿ ನೋವು ಹೆಚ್ಚಿದೆ. ಇನ್ನೆರಡು ಚಳಿಗಾಲ ತಡೆದರೆ ಹೆಚ್ಚು ಎನ್ನುತ್ತಾರೆ. ನಿಮಗೇನು ಬೇಕು ಎಂದು ನಾನು ಕೇಳುತ್ತೇನೆ.

“ನನ್ನ ಜಾಗಕ್ಕೆ ಧೈರ್ಯದೋರನ್ನ ಹಾಕಬಾರದು,” ಎನ್ನುತ್ತಾರೆ ರಬ್ಬರ್ ಪಟ್ಟಿ ಎಳೆಯುತ್ತ. “ಧೈರ್ಯದೋರು ಹಲಗೆ ಹಸಿರೇ ಇಟ್ಟಿರ್ತಾರೆ. ಚೆನ್ನಾಗಿ ಹೆದರೋರು ಒಬ್ಬರು ಸಿಗಲಿ, ಅಷ್ಟು ಸಾಕು.” ಪಟ್ಟಿಯನ್ನು ಇನ್ನೊಂದು ಸುತ್ತು ಸುತ್ತಿ, “ಆವತ್ತು ಸುರಂಗದ ಹತ್ತಿರ ನಿನಗೆ ಹೇಗನ್ನಿಸ್ತು ಮಗಳೇ?”

ತುಂಬ ಹೆದರಿದ್ದೆ, ಈಗಲೂ ರಾತ್ರಿ ಆ ಕಲ್ಲಿನ ಸದ್ದು ಕೇಳಿಸುತ್ತದೆ ಎನ್ನುತ್ತೇನೆ.

“ಒಳ್ಳೇದು,” ಎನ್ನುತ್ತಾರೆ ಕಿಯೊ, ಸೊಂಟದ ಗಂಟೆ ಬಿಚ್ಚಿ ನನ್ನ ಹ್ಯಾಂಡಲ್ಲಿಗೆ ಕಟ್ಟುತ್ತಾರೆ.